ಚೌಕಾಸಿ ಮಾಡದೆ ಕೊಂಡ ಬಂಗುಡೆ

ಒಂದು ಹೆಣ್ಣು ಬೆಕ್ಕಿಗೆ ಮರಿಯಾಗದಂತೆ ಮಾಡಿಸುವ ಆಪರೇಷನ್ನಿಗೆ ನನಗೆ ಬಿದ್ದದ್ದು ಸಾವಿರದ ಇನ್ನೂರು ರೂಪಾಯಿ. ಉಡುಪಿಯ ಡಾಕ್ಟರು ಮೊದಲು ಹೇಳಿದ್ದು ಅದರ ಎರಡರಷ್ಟು. ಗಂಡು ಬೆಕ್ಕಿಗೆ ಇನ್ನೂ ಕಡಿಮೆ, ಏಕೆಂದರೆ ಅದಕ್ಕೆ ಹೊಟ್ಟೆ ತೆರೆಯುವ ಕೆಲಸವಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದವರು ಎರಡಕ್ಕೂ ಒಂದೇ ದರ ಕೊಟ್ಟು ಬರುತ್ತಾರೆ. ನಾನು ಡಾಕ್ಟರ ಎದುರು ಕೂತು ಹೇಳಿದೆ: ಒಂದೊಂದಾಗಿ ತಂದು ನಿಮ್ಮ ಸಮಯ ಹಾಳು ಮಾಡುವುದಿಲ್ಲ, ಮೂರು ಮೂರು ತರುತ್ತೇನೆ, ನಿಮಗೆ ಜನ ಕಡಿಮೆ ಇರುವ ದಿನವೇ ತರುತ್ತೇನೆ, ಗೂಡು ನನ್ನದು, ಬಟ್ಟೆ ನನ್ನದು, ಆಮೇಲಿನ ಆರೈಕೆ ನನ್ನದು. ಕೊನೆಗೆ ಭಾನುವಾರದ ಅಂಜಲ್ ಮೀನಿನ ನಡುತುಂಡಿನ ಮಾತು ಬಂದಾಗ ಡಾಕ್ಟರು ನಕ್ಕರು. ನಗಿಸಿದ ಮೇಲೆ ದರ ಇಳಿಯುತ್ತದೆ. ಇದು ಬುಟ್ಟಿ ಹೊತ್ತ ಕಾಲದಿಂದ ನನಗೆ ಗೊತ್ತಿರುವ ವಿದ್ಯೆ.

ಆ ಹಣ ಹೋಯಿತೆಂಬ ದುಃಖ ನನಗಿಲ್ಲ. ಮೀನಿನ ವ್ಯಾಪಾರದಲ್ಲಿ ಮಂಜುಗಡ್ಡೆಗೆ ಕೊಟ್ಟ ಹಣವೂ ಸಂಜೆಗೆ ನೀರಾಗಿ ಚರಂಡಿಗೆ ಹೋಗುತ್ತದೆ. ಅದಕ್ಕೆ ಯಾರೂ ಅಳುವುದಿಲ್ಲ. ಈ ಇಡೀ ಕೆಲಸದಲ್ಲಿ ನಾನು ಬೆಲೆ ಮಾತಾಡದೆ, ಷರತ್ತು ಹಾಕದೆ ಕೊಟ್ಟದ್ದು ಒಂದೇ ವಸ್ತು: ಬೆಕ್ಕಿನ ಗೂಡುಗಳನ್ನು ಇಡುತ್ತಿದ್ದ ಜಾಗದ ಎರಡನೆಯ ಬೀಗದ ಕೈ. ನಷ್ಟವಾದದ್ದು ಅದರಲ್ಲಿ.

ನನ್ನ ಊರು ಕಾಪು. ಏಳನೆಯ ತರಗತಿಯ ನಂತರ ಶಾಲೆ ಬಿಟ್ಟು ತಾಯಿಯ ಹಿಂದೆ ಬುಟ್ಟಿ ಹೊತ್ತವಳು. ಬೆಳಗಿನ ಬಸ್ಸಿನಲ್ಲಿ ಕಂಡಕ್ಟರನ ಬೈಗುಳ ಕೇಳಿಕೊಂಡು, ಹಿಂದಿನ ಬಾಗಿಲಲ್ಲಿ ಬುಟ್ಟಿ ಇಟ್ಟು, ಉಡುಪಿಯಲ್ಲಿ ಇಳಿದು ಮತ್ತೊಂದು ಬಸ್ಸು ಹಿಡಿದು ಮಣಿಪಾಲದ ಗುಡ್ಡ ಹತ್ತುತ್ತಿದ್ದೆವು. ಮನೆ ಮನೆ ತಿರುಗಿ ಮಾರಿದ ಕಾಲು ಈಗ ಒಂದೇ ಕಡೆ ನಿಂತಿದೆ. ಮಣಿಪಾಲದ ಒಂದು ದೊಡ್ಡ ಫ್ಲ್ಯಾಟಿನ ಕಂಪೌಂಡು ಗೋಡೆಗೆ ತಾಗಿ ನನ್ನದೊಂದು ಅಂಗಡಿ ಉಂಟು. ಟೈಲ್ಸ್ ಹಾಕಿದ ಕಟ್ಟೆ, ಎರಡು ಐಸ್ ಪೆಟ್ಟಿಗೆ, ತೂಕದ ಮೆಷೀನು. ಯಾರ ಸಾಲವೂ ಇಲ್ಲ, ಯಾರ ಉಪಕಾರವೂ ಇಲ್ಲ.

ಮೀನಿನ ಅಂಗಡಿ ಇದ್ದಲ್ಲಿ ಬೆಕ್ಕು ಇರುತ್ತದೆ. ಫ್ಲ್ಯಾಟಿನ ಹಿಂದಿನ ಕಸದ ಜಾಗ, ಪಂಪಿನ ಕೋಣೆ, ಕಾರು ನಿಲ್ಲಿಸುವ ನೆಲಮಾಳಿಗೆ, ಎಲ್ಲ ಕಡೆ ಬೆಕ್ಕುಗಳಿದ್ದವು. ಹೆಣ್ಣು ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕುವುದು, ಅರ್ಧ ಮರಿಗಳು ಕಾರಿನ ಚಕ್ರಕ್ಕೆ ಸಿಗುವುದು, ಉಳಿದವು ಬೆಳೆದು ಮತ್ತೆ ಮರಿ ಹಾಕುವುದು. ಗಂಡುಗಳು ಜಗಳವಾಡಿ ನನ್ನ ಐಸ್ ಪೆಟ್ಟಿಗೆಗೆ ಉಚ್ಚೆ ಹಾರಿಸುತ್ತಿದ್ದವು. ಆ ವಾಸನೆಗೆ ಗಿರಾಕಿಗಳು ಮೂಗು ಮುಚ್ಚಿಕೊಂಡು, ಮೀನು ಹಳತು ಎಂದು ನನ್ನ ಮೇಲೆ ಹೇಳುತ್ತಿದ್ದರು. ಫ್ಲ್ಯಾಟಿನವರು ಮೀಟಿಂಗು ಮಾಡಿ ವಿಷ ಇಡಿಸುವ ಮಾತಾಡಿದ್ದು ನನ್ನ ಕಿವಿಗೂ ಬಿತ್ತು.

ನಾನು ಪ್ರಾಣಿದಯೆಯ ಮಾತಾಡುವವಳಲ್ಲ. ದಿನಕ್ಕೆ ನೂರಾರು ಮೀನಿನ ತಲೆ ತೆಗೆಯುವ ಕೈ ನನ್ನದು. ಆದರೆ ಲೆಕ್ಕ ನನಗೆ ಬರುತ್ತದೆ. ಬೆಕ್ಕನ್ನು ಕೊಂದರೆ ಅಥವಾ ದೂರ ಬಿಟ್ಟರೆ ಜಾಗ ಖಾಲಿಯಾಗುತ್ತದೆ. ಖಾಲಿ ಜಾಗಕ್ಕೆ, ಅದರಲ್ಲೂ ತಿನ್ನಲು ಸಿಗುವ ಖಾಲಿ ಜಾಗಕ್ಕೆ, ಪಕ್ಕದ ಬೀದಿಯಿಂದ ಹೊಸ ಬೆಕ್ಕು ಬರುತ್ತದೆ. ಮೀನುಗಾರ್ತಿಯೊಬ್ಬಳು ತನ್ನ ಬೀದಿ ಬಿಟ್ಟರೆ ಮರುದಿನ ಅಲ್ಲಿ ಇನ್ನೊಬ್ಬಳ ಬುಟ್ಟಿ ಇಳಿಯುವುದಿಲ್ಲವೇ, ಹಾಗೆಯೇ. ಇದ್ದ ಬೆಕ್ಕುಗಳಿಗೆ ಆಪರೇಷನ್ ಮಾಡಿಸಿ ಅದೇ ಜಾಗಕ್ಕೆ ಬಿಟ್ಟರೆ ಅವು ತಮ್ಮ ಜಾಗ ಕಾಯುತ್ತವೆ, ಮರಿ ಹಾಕುವುದಿಲ್ಲ, ಜಗಳವೂ ಕಡಿಮೆ.

ಈ ಲೆಕ್ಕವನ್ನು ನನಗೆ ಮೊದಲು ಹೇಳಿದವರು ಟೀಚರು. ಅವರು ಅದೇ ಫ್ಲ್ಯಾಟಿನ ಮೂರನೆಯ ಮಹಡಿಯವರು, ಶಾಲೆಯಿಂದ ನಿವೃತ್ತರಾದವರು, ಗಂಡ ತೀರಿಹೋಗಿ ಒಬ್ಬರೇ ಇದ್ದವರು. ಈರುಳ್ಳಿಯನ್ನೂ ಯೋಚಿಸಿ ತಿನ್ನುವ ಮನೆತನ. ಅಂಥವರು ಒಂದು ಬೆಳಿಗ್ಗೆ, ರಸ್ತೆಯಲ್ಲಿ ಜನ ಇಲ್ಲದ ಹೊತ್ತು ನೋಡಿ, ಸೆರಗನ್ನು ಮೂಗಿಗೆ ಹಿಡಿದು ನನ್ನ ಕಟ್ಟೆಯ ಎದುರು ನಿಂತರು.

"ಬೂತಾಯಿ ಹೇಗೆ ಕೊಡ್ತೀ?"

ನಾನು ದರ ಹೇಳಿದೆ.

"ಬೆಕ್ಕಿಗೆ ಮಾರಾಯ್ತಿ, ಮನುಷ್ಯರಿಗಲ್ಲ. ಬೆಕ್ಕಿನ ದರ ಹೇಳು."

"ಬೂತಾಯಿಗೆ ಗೊತ್ತುಂಟಾ ಟೀಚರೇ, ತಾನು ಯಾರ ಹೊಟ್ಟೆಗೆ ಹೋಗ್ತೇನೆ ಅಂತ? ಅದು ಒಂದೇ ದರಕ್ಕೆ ಸತ್ತದ್ದು."

ಅವರು ನಕ್ಕು ಹತ್ತು ರೂಪಾಯಿ ಇಳಿಸಿದರು. ನಾನು ಐದಕ್ಕೆ ನಿಲ್ಲಿಸಿದೆ. ಪೊಟ್ಟಣವನ್ನು ಎರಡು ಪೇಪರಿನಲ್ಲಿ ಸುತ್ತಿ, ಮೇಲೆ ಒಂದು ಬಟ್ಟೆ ಅಂಗಡಿಯ ಚೀಲಕ್ಕೆ ಹಾಕಿ ಕೊಡಬೇಕೆಂದರು. ಯಾರಾದರೂ ನೋಡಿದರೆ ರವಿಕೆ ಕಣ ಎಂದುಕೊಳ್ಳಬೇಕು.

ಅಂದು ವ್ಯಾಪಾರ ಎಷ್ಟು ಚೆನ್ನಾಗಿ ಆಯಿತೆಂದರೆ, ಮಧ್ಯಾಹ್ನಕ್ಕೆ ಮೊದಲೇ ಪೆಟ್ಟಿಗೆ ಖಾಲಿ. ದಿನದ ಮೊದಲ ವ್ಯಾಪಾರಕ್ಕೆ ನಾವು ಬೋಣಿ ಎನ್ನುತ್ತೇವೆ. ಯಾರ ಕೈಯಿಂದ ಬೋಣಿಯಾಯಿತು ಎಂಬುದು ನಮ್ಮಲ್ಲಿ ಸಣ್ಣ ವಿಷಯವಲ್ಲ. ಕೈ ಒಳ್ಳೆಯದಾದರೆ ದಿನ ಒಳ್ಳೆಯದು. ಮರುದಿನವೂ ಟೀಚರು ಬಂದರು, ಮರುದಿನವೂ ಪೆಟ್ಟಿಗೆ ಬೇಗ ಖಾಲಿಯಾಯಿತು. ಅಲ್ಲಿಂದ ವರ್ಷಗಟ್ಟಲೆ ಮೀನು ತಿನ್ನದ ಕೈಯೇ ನನ್ನ ಮೀನಂಗಡಿಯ ಬೋಣಿಯ ಕೈ. ಬೇರೆ ಗಿರಾಕಿ ಮೊದಲು ಬಂದರೆ, "ಸ್ವಲ್ಪ ನಿಲ್ಲಿ, ಐಸು ಬಿಡಿಸಬೇಕು" ಎಂದು ಸುಳ್ಳು ಹೇಳಿ ಟೀಚರಿಗಾಗಿ ಕಾಯುತ್ತಿದ್ದೆ. ಅವರೂ ಒಂದು ದಿನವಾದರೂ ಚೌಕಾಸಿ ಮಾಡದೆ ಕೊಂಡವರಲ್ಲ. ಐದು ರೂಪಾಯಿಗೆ ನಾವಿಬ್ಬರೂ ಕಾಲು ಗಂಟೆ ಮಾತಾಡುತ್ತಿದ್ದೆವು. ಅದು ಐದು ರೂಪಾಯಿಯ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಬೆಕ್ಕುಗಳ ಕೆಲಸವನ್ನು ನಾವು ಹೀಗೆ ಹಂಚಿಕೊಂಡೆವು. ಫ್ಲ್ಯಾಟಿನವರ ಜೊತೆ ಮಾತಾಡುವುದು ಟೀಚರು, ಡಾಕ್ಟರ ಜೊತೆ ಮಾತಾಡುವುದು ನಾನು. ಆಪರೇಷನ್ ಆದ ಬೆಕ್ಕುಗಳನ್ನು ಯಾರೂ ಮುಟ್ಟಬಾರದು, ಅವು ಅಲ್ಲೇ ಇರಬೇಕು ಎಂದು ಟೀಚರು ಮೀಟಿಂಗಿನಲ್ಲಿ ಮಾತು ತೆಗೆದುಕೊಂಡು ಬಂದರು. ಗೂಡುಗಳನ್ನು ನಾನು ಹಿರಿಯಡ್ಕದ ಒಬ್ಬ ವೆಲ್ಡಿಂಗಿನವನಿಂದ ಮಾಡಿಸಿದೆ. ಇಲಿ ಬೋನಿನ ಲೆಕ್ಕದಲ್ಲೇ, ಆದರೆ ಉದ್ದ. ಬೆಕ್ಕು ಪೂರ್ತಿ ಒಳಗೆ ಹೋದ ಮೇಲೆಯೇ ಬಾಗಿಲು ಬೀಳಬೇಕು, ಬಾಲಕ್ಕೆ ಪೆಟ್ಟಾಗಬಾರದು. ಗೂಡಿಡಲು ಹಿಂದಿನ ಮೆಟ್ಟಿಲ ಕೆಳಗೆ ಜಾಗ ಸಿಕ್ಕಿತು. ಜಾಲರಿ ಬಾಗಿಲು, ಒಂದು ಬೀಗ, ಎರಡು ಕೈ. ಒಂದು ನನ್ನ ಸೊಂಟದಲ್ಲಿ, ಇನ್ನೊಂದು ಟೀಚರ ಕೈಯಲ್ಲಿ.

ಹಿಡಿಯುವ ಕ್ರಮ ಹೇಳುತ್ತೇನೆ, ಏಕೆಂದರೆ ಎಲ್ಲ ಇದರ ಮೇಲೆಯೇ ನಿಂತಿದೆ. ಮೊದಲ ದಿನವೇ ಹಿಡಿಯಬಾರದು. ಬಾಗಿಲನ್ನು ಹಗ್ಗದಿಂದ ಮೇಲಕ್ಕೆ ಕಟ್ಟಿ ಒಳಗೆ ಮೀನು ಇಡಬೇಕು. ಬೆಕ್ಕು ಬರುತ್ತದೆ, ತಿನ್ನುತ್ತದೆ, ಹೋಗುತ್ತದೆ. ದಿನ ಕಳೆದ ಹಾಗೆ ಮೀನನ್ನು ಹಿಂದಕ್ಕೆ ಹಿಂದಕ್ಕೆ ಇಡಬೇಕು. ಗೂಡು ಅದಕ್ಕೆ ಊಟದ ಕೋಣೆಯಾದ ಮೇಲೆ ಒಂದು ದಿನ ಹಗ್ಗ ಬಿಚ್ಚಬೇಕು. ಬಾಗಿಲು ಬಿದ್ದ ಕೂಡಲೇ ಮೇಲೆ ಬಟ್ಟೆ ಹೊದಿಸಬೇಕು. ಕತ್ತಲಾದರೆ ಅದು ಸುಮ್ಮನಾಗುತ್ತದೆ. ನಾನು ನನ್ನ ಹಳೆಯ ಸೀರೆಗಳನ್ನು ಹರಿದು ಬಳಸುತ್ತಿದ್ದೆ. ಡಾಕ್ಟರು ಆಪರೇಷನ್ ಮಾಡುವಾಗಲೇ, ಅದು ನಿದ್ದೆಯಲ್ಲಿರುವಾಗಲೇ, ಎಡ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸುತ್ತಾರೆ. ದೂರದಿಂದ ನೋಡಿದರೂ ಗೊತ್ತಾಗಬೇಕು, ಇದರ ಕೆಲಸ ಮುಗಿದಿದೆ, ಇದನ್ನು ಇನ್ನು ಹಿಡಿಯಬೇಡಿ ಎಂದು.

ಒಮ್ಮೆ ಸಿಕ್ಕಿಬಿದ್ದ ಬೆಕ್ಕು ಮತ್ತೆ ಗೂಡಿಗೆ ಕಾಲಿಡುವುದಿಲ್ಲ. ಲೋಕದ ಎಲ್ಲ ಬೆಕ್ಕುಗಳ ನಿಯಮ ಅದು. ನಾನು ಆ ನಿಯಮ ಮುರಿದೆ. ಮುಂದೆ ಯಾವುದಾದರೂ ಕಾಯಿಲೆ ಬಿದ್ದರೆ ಹಿಡಿಯಬೇಕಲ್ಲ, ಹೊಸದು ಬಂದರೆ ಹಳೆಯವನ್ನು ನೋಡಿ ಅದೂ ಗೂಡಿಗೆ ಬರಬೇಕಲ್ಲ ಎಂದು ಯೋಚಿಸಿ, ಆಪರೇಷನ್ ಆದ ಬೆಕ್ಕುಗಳಿಗೂ ಬಾಗಿಲು ಕಟ್ಟಿದ ಗೂಡಿನ ಹತ್ತಿರವೇ ಊಟ ಇಟ್ಟೆ. ಮೊದಲು ಎರಡು ಮಾರು ದೂರ, ಆಮೇಲೆ ಒಂದು ಮಾರು, ಆಮೇಲೆ ಬಾಗಿಲಲ್ಲಿ. ಸ್ಟೀಲಿನ ತಟ್ಟೆಗೆ ಕತ್ತಿಯ ಹಿಂಬದಿಯಿಂದ ಟಣ್ ಟಣ್ ಎಂದು ಬಡಿದು, "ಬಲ ಪುಚ್ಚೆ, ಬಲ" ಎಂದು ತುಳುವಿನಲ್ಲಿ, ಬಾ ಬೆಕ್ಕೇ ಬಾ ಎಂದು ಕರೆಯುತ್ತಿದ್ದೆ. ಒಂದು ಮಳೆಗಾಲ ಇಡೀ ಹಿಡಿಯಿತು. ಕೊನೆಗೆ ಬಂದದ್ದು ಮೂರು ಬಣ್ಣದ ಮುದುಕಿ ಬೆಕ್ಕು. ಅದು ಎಲ್ಲರಿಗಿಂತ ಜಾಣೆ, ಎಲ್ಲರಿಗಿಂತ ಸಂಶಯದವಳು, ನನ್ನದೇ ಜಾತಕ. ಅದು ಒಂದು ಸಂಜೆ ನನ್ನ ಮುಖ ನೋಡಿ, ಗೂಡಿನೊಳಗೆ ಹೋಗಿ, ನನಗೆ ಬೆನ್ನು ಹಾಕಿ ಕೂತು ತಿಂದಿತು. ಬೆನ್ನು ಹಾಕಿ ತಿನ್ನುವುದೆಂದರೆ ಬೆಕ್ಕಿನ ಲೋಕದಲ್ಲಿ ಎಷ್ಟು ದೊಡ್ಡ ಮಾತು ಎಂದು ಬೆಕ್ಕನ್ನು ಕಂಡವರಿಗೆ ಗೊತ್ತು.

ಒಟ್ಟು ಒಂಬತ್ತು ಬೆಕ್ಕು, ಒಂಬತ್ತು ಕತ್ತರಿಸಿದ ಕಿವಿ, ಊಟಕ್ಕೆ ಬೆಕ್ಕಿಗೊಂದು ಗೂಡು. ಎರಡು ವರ್ಷ ಒಂದು ಮರಿ ಹುಟ್ಟಲಿಲ್ಲ. ಐಸ್ ಪೆಟ್ಟಿಗೆಗೆ ವಾಸನೆ ಇಲ್ಲ. ಬೆಳಗಿನ ಊಟ ಟೀಚರದ್ದು, ಸಂಜೆಯದ್ದು ನನ್ನದು.

ಮಳೆಗಾಲಕ್ಕೆ ಬೋಟುಗಳು ನಿಲ್ಲುವ ಮೊದಲಿನ ದಿನಗಳು. ಒಂದು ಬೆಳಿಗ್ಗೆ ಟೀಚರು ಎಂದಿನಂತೆ ಬೋಣಿಗೆ ಬಂದರು.

"ಇವತ್ತು ಬಂಗುಡೆ ಕೊಡು. ಎರಡು ಕಿಲೋ."

"ಎಂತ ವಿಶೇಷ ಟೀಚರೇ? ಬೆಕ್ಕುಗಳಿಗೆ ಮದುವೆಯಾ?"

"ಯಾವಾಗಲೂ ಬೂತಾಯಿ, ಬೂತಾಯಿ. ಅವಕ್ಕೂ ಆಸೆ ಇರುವುದಿಲ್ವಾ?"

ನಾನು ದರ ಹೇಳಿದೆ. ಅವರು ಪರ್ಸು ತೆಗೆದು ಅಷ್ಟನ್ನೂ ಕೊಟ್ಟರು.

ಆ ಕ್ಷಣವನ್ನು ನಾನು ಆಮೇಲೆ ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಮೀನಿನ ಕಿವಿರು ಎತ್ತಿ ನೋಡದೆ ಹರಾಜಿನಲ್ಲಿ ಕೂಗದವಳು ನಾನು. ಎದುರಿನ ವ್ಯಾಪಾರಿಯ ಕಾಲ ಬೆರಳು ಅಲುಗಿದರೆ ಅವನ ಕೊನೆಯ ಬೆಲೆ ಹೇಳಬಲ್ಲವಳು. ಅಂಥವಳ ಎದುರು, ಇಷ್ಟು ವರ್ಷ ಐದು ರೂಪಾಯಿ ಬಿಡದವರು ಹೇಳಿದ ಬೆಲೆಗೆ ಎರಡು ಕಿಲೋ ಬಂಗುಡೆ ಕೊಂಡರು, ಮತ್ತು ನಾನು ಖುಷಿಪಟ್ಟೆ. ತಲೆ, ಕರುಳು ತೆಗೆದು, ತುಂಡು ಮಾಡಿ ಕೊಟ್ಟೆ. ಇಪ್ಪತ್ತು ರೂಪಾಯಿ ನಾನೇ ವಾಪಸ್ ಕೊಟ್ಟೆ.

"ಮತ್ತೆ, ನಿನ್ನ ಆ ತಟ್ಟೆ ಒಂದು ಕೊಡು. ನನ್ನ ಕರೆಗೆ ಎರಡು ಮೂರು ಬರ್ತವೆ. ನಿನ್ನ ತಟ್ಟೆಗೆ ಎಲ್ಲ ಒಟ್ಟಿಗೆ ಬರ್ತವೆ."

ಕೊಟ್ಟೆ. ಹೊಗಳಿಕೆ ಎಂದುಕೊಂಡು ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ಕಟ್ಟಡದ ಹಿಂದಿನಿಂದ ಟಣ್ ಟಣ್ ಸದ್ದು ಕೇಳಿತು. ಅಂಗಡಿಯಲ್ಲಿ ಜನ ಇದ್ದರು. ನನ್ನ ತಟ್ಟೆಯ ಸದ್ದು ಇಷ್ಟು ದೂರಕ್ಕೆ ಕೇಳುತ್ತದಲ್ಲ ಎಂದು ಮಾತ್ರ ಅನ್ನಿಸಿತು.

ಸಂಜೆ ನಾನು ಹೋಗಿ ಕರೆದರೆ ಒಂದು ಬೆಕ್ಕೂ ಬರಲಿಲ್ಲ. ತಟ್ಟೆ ಮೆಟ್ಟಿಲ ಮೇಲೆ ತೊಳೆದು ಕವುಚಿ ಇತ್ತು. ಗೂಡುಗಳು ತಮ್ಮ ಜಾಗದಲ್ಲಿದ್ದವು, ಬೀಗ ಹಾಕಿತ್ತು. ಮೇಲೆ ಕರೆ ಮಾಡಿದರೆ ಟೀಚರು, "ಬೆಳಿಗ್ಗೆ ಹೊಟ್ಟೆ ತುಂಬ ತಿಂದಿದ್ದಾವೆ, ಎಲ್ಲೋ ಮಲಗಿರಬೇಕು" ಎಂದರು. ಮರುದಿನವೂ ಇಲ್ಲ. ಟೀಚರೂ ಬೋಣಿಗೆ ಬರಲಿಲ್ಲ, ನೆಗಡಿ ಎಂದರು.

ಅದರ ಮರುದಿನ ನನ್ನ ಮಂಜುಗಡ್ಡೆ ತರುವ ಗೂಡ್ಸ್ ರಿಕ್ಷಾದವನು ಬಂದು ಕಟ್ಟೆಯ ಮೇಲೆ ಒಂದು ಬಟ್ಟೆಯ ಗಂಟು ಇಟ್ಟ.

"ಅಕ್ಕ, ನಿಮ್ಮ ಸೀರೆ ತುಂಡು ನನ್ನ ಗಾಡಿಯಲ್ಲೇ ಉಳಿದಿತ್ತು. ತೊಳೆದಿಲ್ಲ, ವಾಸನೆ ಉಂಟು."

"ನಿನ್ನ ಗಾಡಿಗೆ ಇದು ಹೇಗೆ ಬಂತು?"

"ಹೇಗೆ ಅಂದ್ರೆ? ನಿಮ್ಮ ಪುಚ್ಚೆಗಳನ್ನು ಅಜೆಕಾರಿಗೆ ಬಿಟ್ಟು ಬಂದದ್ದು ಯಾರು? ನಾನೇ ಅಲ್ವಾ?"

"ಯಾರು ಹೇಳಿದ್ದು ನಿನಗೆ?"

"ಟೀಚರಮ್ಮ. ನೀವು ಹೇಳಿ ಕಳಿಸಿದ್ದು ಅಂದ್ರು. ಗೂಡು ನಿಮ್ಮದು, ಸೀರೆ ನಿಮ್ಮದು, ನಾನು ಎಂತಕ್ಕೆ ಸಂಶಯ ಮಾಡಬೇಕು? ಬಾಡಿಗೆ ಸಹ ಕೇಳಿದಷ್ಟು ಕೊಟ್ರು. ನನಗೇ ಒಂಥರಾ ಆಗಿ ಐವತ್ತು ಬಿಟ್ಟೆ."

ನಾವಿಬ್ಬರೂ ರಿಯಾಯಿತಿ ಕೊಟ್ಟಿದ್ದೆವು. ನಾನು ಇಪ್ಪತ್ತು, ಅವನು ಐವತ್ತು.

ಅಂಗಡಿಯನ್ನು ಪಕ್ಕದ ತರಕಾರಿಯವಳ ವಶಕ್ಕೆ ಕೊಟ್ಟು ಹಿಂದಿನ ಮೆಟ್ಟಿಲ ಹತ್ತಿರ ಹೋದೆ. ಟೀಚರನ್ನು ಕೆಳಗೆ ಕರೆದೆ. ನೆಗಡಿ ಇರಲಿಲ್ಲ.

"ಬೆಕ್ಕು ಎಲ್ಲಿ ಟೀಚರೇ?"

ಅವರು ಗೂಡಿನ ಕಡೆ ನೋಡಿದರು. "ಒಳ್ಳೆ ಜಾಗದಲ್ಲಿ ಬಿಡಿಸಿದ್ದು ಮಾರಾಯ್ತಿ. ಅಕ್ಕಿ ಗಿರಣಿ ಉಂಟು, ಗದ್ದೆ ಉಂಟು, ಇಲಿಗೆ ಬರಗಾಲ ಇಲ್ಲ. ಇಲ್ಲಿಗಿಂತ ಸುಖವಾಗಿರ್ತವೆ."

"ನನ್ನ ಹತ್ತಿರ ಹೇಳಬಹುದಿತ್ತಲ್ಲ."

"ಹೇಳಿದ್ರೆ ಬಿಡ್ತಿದ್ದೆಯಾ?"

"ಇಲ್ಲ."

"ಅದಕ್ಕೇ ಹೇಳಲಿಲ್ಲ."

ಕಾರಣ ಕೇಳಿದೆ. ಅವರ ಮಗಳಿಗೆ ಮಗುವಾಗಿತ್ತು, ಅದು ನನಗೆ ಗೊತ್ತಿತ್ತು. ಹೆರಿಗೆಯಾದ ದಿನ ನಾನೇ ತೆಂಗಿನೆಣ್ಣೆ ತಂದುಕೊಟ್ಟಿದ್ದೆ. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಮಗಳ ಅತ್ತೆ ಮನೆಯವರು ಬರುವವರಿದ್ದರು.

"ಅವರು ತುಂಬಾ ಮಡಿಯವರು. ಗೇಟಿನಲ್ಲಿ ಕಾರು ಇಳಿದ ಕೂಡಲೇ ಈ ಒಂಬತ್ತು ಬಂದು ನನ್ನ ಕಾಲಿಗೆ ಸುತ್ತಿಕೊಂಡರೆ? ನನ್ನ ಕೈ ನೆಕ್ಕಿದರೆ? ಕೇಳುವುದಿಲ್ವಾ ಅವರು, ಈ ಮನೆಯ ಕೈಯಲ್ಲಿ ಬೆಕ್ಕುಗಳಿಗೆ ಅಷ್ಟು ರುಚಿ ಎಂತದ್ದು ಅಂತ?"

"ಶಾಸ್ತ್ರ ಒಂದು ದಿನದ್ದು. ಒಂದು ದಿನ ನಾನು ಎಲ್ಲವನ್ನೂ ಗೂಡಿನಲ್ಲಿ ಹಾಕಿ ಕಾಪುವಿಗೆ ಕೊಂಡುಹೋಗ್ತಿದ್ದೆ. ಸಂಜೆ ತಂದು ಬಿಡ್ತಿದ್ದೆ."

ಈ ಉಪಾಯ ಅವರಿಗೆ ಹೊಳೆದಿರಲಿಲ್ಲ ಎಂದು ಮುಖದಲ್ಲೇ ಕಂಡಿತು. ಹೊಳೆಯದಿದ್ದುದಕ್ಕೆ ಸಿಟ್ಟೂ ಬಂತು.

"ನಿನಗೆ ಇದೆಲ್ಲ ಗೊತ್ತಾಗುವುದಿಲ್ಲ. ನಿಮ್ಮಲ್ಲಿ ಇದೆಲ್ಲ ಇಲ್ಲ."

ನಮ್ಮಲ್ಲಿ ಎಂತ ಉಂಟು, ಎಂತ ಇಲ್ಲ ಎಂದು ಹೇಳಬಹುದಿತ್ತು. ಕೈ ಚಾಚಿ ಬೀಗದ ಕೈ ಕೇಳಿದೆ. ಅವರು ಮೇಲೆ ಹೋಗಿ ತಂದು ಕೊಟ್ಟರು. ಅಷ್ಟು ವರ್ಷ ಅದನ್ನು ಕಟ್ಟಿದ್ದ ಕೆಂಪು ನೂಲು ಹಾಗೇ ಇತ್ತು, ನಾನೇ ಕಟ್ಟಿದ್ದು.

ರಿಕ್ಷಾದವನು ಬಾಡಿಗೆ ಬೇಡ ಎಂದು ಅಂದೇ ನನ್ನನ್ನು ಕರೆದುಕೊಂಡು ಹೋದ. ಹಿರಿಯಡ್ಕ ದಾಟುವ ತನಕ ಅವನು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿದ್ದ, ನೀವೇ ಹೇಳಿದ್ದು ಅಂದ್ರಲ್ಲ ಅಕ್ಕ, ನೀವೇ ಅಂತ ಅವರು ಅಂದ್ರಲ್ಲ. ಅಜೆಕಾರಿನ ಆಚೆ ರಸ್ತೆ ಬದಿಯಲ್ಲಿ ಆ ಗಿರಣಿ ಇತ್ತು. ನಿಂತು ಹೋದ ಗಿರಣಿ. ಅಕ್ಕಿಯಿಲ್ಲದ ಗಿರಣಿಯಲ್ಲಿ ಇಲಿ ಎಲ್ಲಿಂದ? ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ಹೆಂಗಸು, ಅಲ್ಲೇ ಹಿಂದಿನ ಬಿಡಾರದವಳು, ನಮ್ಮನ್ನು ನೋಡಿ ಎದ್ದು ನಿಂತಳು.

"ಮತ್ತೆ ತಂದಿರಾ? ಮೊನ್ನೆಯದ್ದನ್ನೇ ನಾಯಿಗಳು ಅಟ್ಟಿಸಿ ಸಾಕಾಗಿದೆ."

ಅವಳು ಹೇಳಿದ್ದು ಇಷ್ಟು: ಗೂಡು ತೆರೆದ ಕೂಡಲೇ ನಾಯಿಗಳು ಬಂದವು, ಬೆಕ್ಕುಗಳು ದಿಕ್ಕು ದಿಕ್ಕಿಗೆ ಓಡಿದವು, ಎರಡು ಮೂರು ಮಾತ್ರ ಗಿರಣಿಯ ಹಂಚಿನ ಮಾಡಿನಲ್ಲಿ ಉಂಟು, ಇಳಿಯುವುದಿಲ್ಲ. ರಸ್ತೆಯ ತಿರುವಿನಲ್ಲಿ ಒಂದು ಬಿದ್ದಿತ್ತು. ಹತ್ತಿರ ಹೋಗಿ ಎಡ ಕಿವಿ ನೋಡಿದೆ. ಹಿಡಿಯಬೇಡಿ ಎಂದು ಹೇಳುವ ಗುರುತು ಅದು. ವಾಹನಕ್ಕೆ ಎಂತ ಗೊತ್ತು. ಸೀರೆ ತುಂಡಿನಲ್ಲಿ ಸುತ್ತಿ ಗಿರಣಿಯ ಹಿಂದೆ ಮಣ್ಣು ಮಾಡಿದೆವು.

ಆಮೇಲೆ ನಾನು ಗೂಡು ಇಟ್ಟು, ಬಂಗುಡೆ ಇಟ್ಟು, ತಟ್ಟೆ ಬಡಿದೆ. "ಬಲ ಪುಚ್ಚೆ, ಬಲ."

ಮಾಡಿನ ಹಂಚಿನ ಸಂದಿಯಲ್ಲಿ ಮೂರು ಬಣ್ಣದ ತಲೆ ಕಂಡಿತು. ಮುದುಕಿ. ಸದ್ದಿನ ಕಡೆ ಕಿವಿ ತಿರುಗಿತು, ಕತ್ತರಿಸಿದ್ದೂ, ಕತ್ತರಿಸದ್ದೂ. ಗೋಡೆಗೆ ಇಳಿಯಿತು, ಕಟ್ಟೆಗೆ ಇಳಿಯಿತು. ನನ್ನನ್ನು ನೋಡಿತು, ಗೂಡನ್ನು ನೋಡಿತು, ತಟ್ಟೆಯನ್ನು ನೋಡಿತು. ಆಮೇಲೆ ಅದು ಓಡಲಿಲ್ಲ. ಓಡಿದ್ದರೆ ನನಗೆ ಅಷ್ಟು ಅನ್ನಿಸುತ್ತಿರಲಿಲ್ಲ. ನಿಧಾನ ಹಿಂದೆ ಹಿಂದೆ ನಡೆದು, ನನಗೆ ಬೆನ್ನು ತೋರಿಸದೆ, ಗೋಡೆ ಹತ್ತಿ ಹೋಯಿತು.

ಅದರ ಲೆಕ್ಕ ಸರಿ. ಬಾಗಿಲು ಬೀಳಿಸಿದ್ದು ಯಾರ ಕೈ ಎಂದು ಬೆಕ್ಕು ಹೇಗೆ ತಿಳಿಯಬೇಕು? ಗೂಡು ನನ್ನದು, ಮೀನು ನನ್ನದು, ತಟ್ಟೆ ನನ್ನದು. ನನ್ನ ಹೆಸರಿನಲ್ಲಿ ಮಾಡಿದ ಕೆಲಸ ಅದು, ರಿಕ್ಷಾದವನಿಗೂ, ಬೆಕ್ಕಿಗೂ.

ಬೋಟು ನಿಂತ ಮೇಲೆ ನನಗೆ ಪುರುಸೊತ್ತು. ಕಾಪುವಿನಿಂದ ಕಾರ್ಕಳಕ್ಕೆ, ಕಾರ್ಕಳದಿಂದ ಅಜೆಕಾರಿಗೆ ಬಸ್ಸಿನಲ್ಲಿ ಎಷ್ಟೋ ಸಲ ಹೋದೆ, ಮಳೆಯಲ್ಲಿ, ಮಡಿಲಲ್ಲಿ ಒಣಮೀನಿನ ಪೊಟ್ಟಣ ಇಟ್ಟುಕೊಂಡು. ಪಕ್ಕದ ಸೀಟಿನವರು ಎದ್ದು ಹೋಗುತ್ತಿದ್ದರು. ನನಗೆ ಅಗಲವಾಗಿ ಕೂರಲು ಜಾಗ. ಗೂಡು ಒಯ್ಯುವುದನ್ನು ಬಿಟ್ಟೆ, ತಟ್ಟೆ ಬಡಿಯುವುದನ್ನೂ ಬಿಟ್ಟೆ. ಮಾಡಿನಲ್ಲಿ ಉಳಿದದ್ದು ಎರಡು, ಮುದುಕಿ ಮತ್ತು ಒಂದು ಕಪ್ಪು ಗಂಡು. ಮೀನು ಇಟ್ಟು ನಾನು ರಸ್ತೆಯ ತನಕ ಹೋದರೆ ಇಳಿದು ತಿನ್ನುತ್ತಿದ್ದವು. ತಿರುಗಿ ನೋಡಿದರೆ ನಿಲ್ಲಿಸುತ್ತಿದ್ದವು. ಬೇರೆ ಆರಕ್ಕೆ ಎಂತ ಆಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇವು ಹಿಂದೆ ಬರುವವಲ್ಲ ಎಂದು ಖಾತ್ರಿಯಾದ ಮೇಲೆ ಬಿಡಾರದ ಹೆಂಗಸಿನ ಹತ್ತಿರ ಕೂತೆ.

"ದಿನಕ್ಕೆ ಒಂದು ಹೊತ್ತು ಅವಕ್ಕೆ ಎಂತಾದರೂ ಹಾಕಬೇಕು. ನಾಯಿ ಬಂದರೆ ಒಂದು ಕಲ್ಲು ಎತ್ತಿ ತೋರಿಸಬೇಕು."

"ನನಗೆಂತ ಸಿಗ್ತದೆ?"

"ತಿಂಗಳಿಗೆ ಒಂದು ಕಿಲೋ ಒಣ ನಂಗು ಮೀನು."

"ನಂಗು ಯಾರಿಗೆ ಬೇಕು? ಸಿಗಡಿ ಪುಡಿ ಕೊಡಿ."

"ಸಿಗಡಿಯ ದರ ಗೊತ್ತುಂಟಾ ನಿನಗೆ?"

"ಬೆಕ್ಕಿನ ದರ ಗೊತ್ತುಂಟಾ ನಿಮಗೆ? ಇಷ್ಟು ದೂರ ಬಸ್ಸಿನಲ್ಲಿ ಬರ್ತೀರಿ ಅಂದ್ರೆ ಅದು ಸಿಗಡಿಗಿಂತ ಜಾಸ್ತಿಯೇ ಇರಬೇಕು."

ನನಗೆ ಆ ಹೆಂಗಸಿನ ಮೇಲೆ ಗೌರವ ಬಂತು. ಅರ್ಧ ನಂಗು, ಅರ್ಧ ಸಿಗಡಿ ಎಂದು ಮುಗಿಸಿದೆವು. ಹೊರಡುವಾಗ ಅವಳು, ಹಪ್ಪಳ ಒಯ್ಯಿರಿ ಎಂದಳು. ಅದಕ್ಕೂ ದರ ಹೇಳಿದಳು. ಆ ಒಪ್ಪಂದ ಇಂದಿಗೂ ಮುರಿದಿಲ್ಲ. ಅವಳು ನನ್ನ ಗೆಳತಿಯಲ್ಲ. ಮುದುಕಿ ಬೆಕ್ಕು ಅವಳ ಅಂಗಳದಲ್ಲಿ ಈಗ ಬಿಸಿಲಿಗೆ ಮಲಗುತ್ತದೆಯಂತೆ. ನಾನು ಹೋದರೆ ಮಾಡು ಹತ್ತುತ್ತದೆ.

ಬೋಟುಗಳು ಮತ್ತೆ ಕಡಲಿಗಿಳಿದವು, ನಾನು ಅಂಗಡಿ ತೆರೆದೆ. ತೊಟ್ಟಿಲಿನ ಶಾಸ್ತ್ರ ಚೆನ್ನಾಗಿ ಆಗಿತ್ತೆಂದು ತರಕಾರಿಯವಳು ಹೇಳಿದಳು. ಮೊದಲ ದಿನ ಬೆಳಿಗ್ಗೆ, ಐಸಿನ ಮೇಲೆ ಮೀನು ಜೋಡಿಸಿ ಆಗಿತ್ತಷ್ಟೆ, ಟೀಚರು ಬಂದರು. ಸೆರಗು ಮೂಗಿಗೆ.

"ಬೂತಾಯಿ ಹೇಗೆ ಇವತ್ತು?"

"ಬೋಣಿ ಆಯ್ತು ಟೀಚರೇ."

ತೂಕದ ಮೆಷೀನು ಒಣಗಿತ್ತು. ಕತ್ತಿಗೆ ಒಂದು ಪೊರೆಯೂ ಅಂಟಿರಲಿಲ್ಲ. ಪೇಪರಿನ ಕಟ್ಟಿಗೆ ಹಾಕಿದ ನೂಲು ಇನ್ನೂ ಬಿಚ್ಚಿರಲಿಲ್ಲ. ಅವರು ಅದನ್ನೆಲ್ಲ ಒಂದೊಂದಾಗಿ ನೋಡಿದರು. ಇಷ್ಟು ವರ್ಷ ನನ್ನ ಎದುರು ನಿಂತವರು, ಅವರಿಗೆ ನೋಡಲು ಗೊತ್ತು.

"ಹಾಗಾ," ಎಂದರು. ದರ ಕೇಳದೆ ಹೋದರು.

ಅಂದು ವ್ಯಾಪಾರ ಹೇಗಾಯಿತು ಎಂದು ಕೇಳಬೇಡಿ. ಸಂಜೆ ಮೀನು ಉಳಿಯಿತು.

ನವರಾತ್ರಿ ಬರುವ ಹೊತ್ತಿಗೆ ನಾನು ಹೇಳಿದ್ದೇ ಆಗಿತ್ತು. ಖಾಲಿ ಜಾಗಕ್ಕೆ ಹೊಸ ಬೆಕ್ಕುಗಳು ಬಂದವು, ಎರಡೂ ಕಿವಿ ಪೂರ್ತಿ ಇರುವವು. ಪಂಪಿನ ಕೋಣೆಯಲ್ಲಿ ಮರಿಗಳು, ನನ್ನ ಐಸ್ ಪೆಟ್ಟಿಗೆಗೆ ಮತ್ತೆ ಉಚ್ಚೆ. ಫ್ಲ್ಯಾಟಿನ ಕಾರ್ಯದರ್ಶಿ ಬಂದು, "ನೀವು ಮೊದಲು ಎಂತದ್ದೋ ಮಾಡ್ತಿದ್ದಿರಲ್ಲ, ಅದನ್ನು ಮತ್ತೆ ಮಾಡಿ" ಎಂದರು. ಮಾಡುತ್ತೇನೆ, ಆದರೆ ಈ ಸಲ ಬೇರೆ ದರ ಎಂದೆ. ಡಾಕ್ಟರ ಖರ್ಚು ಫ್ಲ್ಯಾಟಿನದ್ದು. ಗೂಡು ನನ್ನ ಅಂಗಡಿಯ ಒಳಗೆ. ಕಿವಿ ಕತ್ತರಿಸಿದ ಬೆಕ್ಕನ್ನು ಯಾರೂ ಸಾಗಿಸಬಾರದು ಎಂಬ ಬೋರ್ಡು ಗೇಟಿನ ಒಳಗಲ್ಲ, ಹೊರಗೆ, ಬಂದವರೆಲ್ಲ ಓದುವ ಹಾಗೆ. ಅವರು ಗೊಣಗಿದರು, ಇಳಿಸಿ ಎಂದರು. ಇಳಿಸಿ ಎಂದದ್ದು ಕೇಳಿ ನನಗೆ ಧೈರ್ಯ ಬಂತು. ಬೆಲೆ ಮಾತಾಡುವವರು ಮಾತು ಉಳಿಸುವ ಯೋಚನೆಯಲ್ಲಿರುತ್ತಾರೆ. ಬೋರ್ಡು ಈಗ ಗೇಟಿನಲ್ಲಿ ಉಂಟು. ಟೀಚರು ದಿನಾ ಅದರ ಪಕ್ಕದಲ್ಲೇ ಹಾಲು ತರಲು ಹೋಗುತ್ತಾರೆ.

ನಿಮ್ಮ ಬೀದಿಯಲ್ಲಿಯೂ ಬೆಕ್ಕುಗಳಿರಬಹುದು, ನಿಮಗೂ ಈ ಕೆಲಸ ಮಾಡುವ ಮನಸ್ಸಿರಬಹುದು. ಮಾಡಿ. ಹಿಡಿಯುವ ಹಿಂದಿನ ರಾತ್ರಿ ದೊಡ್ಡ ಬೆಕ್ಕಿಗೆ ಊಟ ಇಡಬೇಡಿ. ಹೊಟ್ಟೆ ಖಾಲಿ ಇದ್ದರೆ ಗೂಡಿಗೂ ಬರುತ್ತದೆ, ಅರಿವಳಿಕೆಗೂ ತೊಂದರೆಯಾಗುವುದಿಲ್ಲ. ಮರಿಗಳ ವಿಷಯ ಬೇರೆ, ಅದನ್ನು ಡಾಕ್ಟರನ್ನೇ ಕೇಳಿ. ಹಾಲು ಕೊಡುವ ತಾಯಿ ಸಿಕ್ಕಿದರೆ ಮೊದಲು ಮರಿಗಳು ಎಲ್ಲಿವೆ ಎಂದು ಹುಡುಕಿ. ಬೂತಾಯಿಯನ್ನು ಸ್ವಲ್ಪ ಬಿಸಿ ಮಾಡಿ ಇಟ್ಟರೆ ವಾಸನೆ ದೂರ ಹೋಗುತ್ತದೆ, ದುಬಾರಿ ಮೀನು ಬೇಕಾಗಿಲ್ಲ. ಹೆಣ್ಣನ್ನು ಪೂರ್ತಿ ಎಚ್ಚರವಾಗಿ, ಗಾಯ ಒಣಗಿದ್ದು ನೋಡಿ ಬಿಡಿ, ಎಲ್ಲಿಂದ ಹಿಡಿದಿರೋ ಅಲ್ಲಿಗೇ ಬಿಡಿ. ಒಳ್ಳೆಯ ಜಾಗ ಎಂದು ಬೇರೆ ಕಡೆ ಬಿಡುವವರ ಮಾತು ಕೇಳಬೇಡಿ. ಬೆಕ್ಕಿಗೆ ಗೊತ್ತಿರುವ ಜಾಗವೇ ಒಳ್ಳೆಯ ಜಾಗ.

ಗೂಡಿನ ಬೀಗದ ಕೈ ಒಂದೇ ಇರಲಿ, ಅದು ನಿಮ್ಮ ಸೊಂಟದಲ್ಲಿರಲಿ. ನಿಮ್ಮ ಕರೆಗೆ ಬೆಕ್ಕು ಬರುವುದಾದರೆ ಆ ತಟ್ಟೆಯನ್ನು ಯಾರಿಗೂ ಒಂದು ದಿನಕ್ಕೂ ಕಡ ಕೊಡಬೇಡಿ. ಜೊತೆಗೆ ಕೆಲಸ ಮಾಡುವವರ ಹತ್ತಿರ, ಎಷ್ಟೇ ಆಪ್ತರಾಗಿರಲಿ, ಮೊದಲೇ ಕೂತು ಕೇಳಿ: ನಿಮ್ಮ ಮನೆಗೆ ನೆಂಟರು ಬರುವ ದಿನ ಈ ಬೆಕ್ಕುಗಳಿಗೆ ಎಂತ ಮಾಡುವುದು? ನಾಚಿಕೆಯಾದರೂ ಕೇಳಿ. ಮತ್ತೆ, ಯಾವಾಗಲೂ ಐದು ರೂಪಾಯಿಗೆ ಜಗಳವಾಡುವವರು ಒಂದು ಬೆಳಿಗ್ಗೆ ನೀವು ಹೇಳಿದ ಬೆಲೆಗೆ ಮೀನು ಕೊಂಡರೆ, ಇಪ್ಪತ್ತು ರೂಪಾಯಿ ವಾಪಸ್ ಕೊಡಬೇಡಿ. ಕತ್ತಿ ಕೆಳಗಿಡಿ, ಪೆಟ್ಟಿಗೆ ಮುಚ್ಚಿ, ಅವರ ಹಿಂದೆಯೇ ಹೋಗಿ ನೋಡಿ.